ಮಣ್ಣಿನ ಮೈ

ಲೀ ಸೋನ್ ದ್ವೀಪ
೧೨ ಏಪ್ರಿಲ್ ೧೯೯೮

ಮಗನೇ ತ್ವಾನ್,

ನಿನ್ನಮ್ಮನ ಆಶೀರ್ವಾದ. ನಿನ್ನ ಎರಡು ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲು ಕೂತರೆ ಏನೂ ತೋಚುತ್ತಿರಲಿಲ್ಲ, ಎದ್ದು ಹೋಗಿ ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಬೇಸರ ಮಾಡಿಕೊಳ್ಳಬೇಡ. ಈ ಸಲ ಗಡ್ಡೆ ಸಣ್ಣದು, ಘಾಟು ಮಾತ್ರ ಜಾಸ್ತಿ. ಅಷ್ಟು ದೂರದ ವುಂಗ್ ತಾವ್ ಬಂದರಿನಲ್ಲಿ ನಿನ್ನ ದೋಣಿಯವರು ಹೊಟ್ಟೆತುಂಬ ಹಾಕುತ್ತಾರೆಯೇ?

ನಿನ್ನಣ್ಣ ಖಾಂಗನಿಗೆ ಗಾಳಿಗೋರಿ ಮಾಡಿಸಿದೆವು. ನೀನು ಕಡಲಲ್ಲಿದ್ದೆ, ಹೇಳಿ ಕಳಿಸಲಾಗಲಿಲ್ಲ. ಬಿರುಗಾಳಿಗೆ ಅವನ ದೋಣಿ ಸಿಕ್ಕಿ, ಹೆಣವೂ ಸಿಗದೆ ವರ್ಷ ಕಳೆದರೂ ನಾನು ಒಪ್ಪಿರಲಿಲ್ಲ. ಗೋರಿ ಕಟ್ಟಿದರೆ ಮುಗಿಯಿತಲ್ಲ, ಮತ್ತೆ ದಾರಿ ಕಾಯುವಂತಿಲ್ಲ. ನಿನ್ನತ್ತಿಗೆ ಮೆನ್ ಒಂದು ದಿನ ಅನ್ನ ಬಡಿಸುತ್ತಾ, "ಅತ್ತೆ, ಅವರು ನೀರಲ್ಲೇ ನೆನೀತಾ ಇರ್ಬೇಕಾ?" ಎಂದಳು. ನಾನು ಹೂಂ ಅನ್ನಲೇಬೇಕಾಯಿತು.

ಮಂತ್ರದ ಅಜ್ಜ ಲೀಮ್ ಅವರು ಗುಡ್ಡದ ಮಣ್ಣು ತರಿಸಿ, ಹತ್ತಿ ಸೇರಿಸಿ ನಾದಿ, ಹಿಪ್ಪುನೇರಳೆ ಕಡ್ಡಿಗಳನ್ನು ಮೂಳೆಗಳಂತೆ ಜೋಡಿಸಿ, ನಮ್ಮ ಜಗಲಿಯ ಮೇಲೆ ಅವನ ಮಣ್ಣಿನ ಮೈ ಮಾಡಿದರು. ಪಕ್ಕದ ಮನೆಯ ಬೈ ಚಿಕ್ಕಮ್ಮ ಇಣುಕಿ ನೋಡಿ, ಹೊಟ್ಟೆ ಇಷ್ಟು ಸಣ್ಣದಾದರೆ ತಾನು ತಿನ್ನಿಸಿದ ಮೀನೆಲ್ಲ ಎಲ್ಲಿ ಹೋಯಿತು ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ ಅನಿಸುತ್ತದೆ.

ಕೊನೆಗೆ ಅಜ್ಜ, ಮೈಮೇಲೆ ಗುರುತೇನಾದರೂ ಇತ್ತೇ ಎಂದು ಕೇಳಿದರು. ತನ್ನ ಮೈಯಲ್ಲ ಅನಿಸಿದರೆ ಜೀವ ಒಳಗೆ ಬರುವುದಿಲ್ಲವಂತೆ. ಎಡ ಮೊಣಕಾಲ ಕೆಳಗೊಂದು ಕಲೆ, ಸಣ್ಣವನಿದ್ದಾಗ ಲಂಗರು ತಾಗಿದ್ದು ಎಂದು ನಾನು ತಟ್ಟನೆ ಹೇಳಿದೆ.

"ಅವರ ಕಾಲಲ್ಲಿ ಕಲೆ ಇರ್ಲಿಲ್ಲ ಅತ್ತೆ," ಎಂದಳು ಮೆನ್.

"ಹೆತ್ತೋಳು ನಾನಾ, ನೀನಾ?" ಎಂದೆ.

ಅಜ್ಜ ಉಗುರಿನಿಂದ ಗೆರೆ ಎಳೆದರು. ಮೇಲೆ ಮೊಟ್ಟೆಯ ಲೋಳೆ ಬಳಿದು, ನೀಲಿ ಅಂಗಿ ತೊಡಿಸಿ, ಪೆಟ್ಟಿಗೆಯಲ್ಲಿ ಮಲಗಿಸಿ, ಕಡಲಿನತ್ತ ಅವನ ಹೆಸರು ಕೂಗಿ ಕರೆದು, ಮಣ್ಣು ಮಾಡಿದೆವು. ಮೆನ್ ಬಿದ್ದು ಹೊರಳಾಡಿ ಅತ್ತಳು. ನನಗೆ ಅಳು ಬರಲಿಲ್ಲ. ಕಲ್ಲೆದೆಯವಳು ಎಂದು ಯಾರೋ ಅಂದದ್ದು ಕೇಳಿಸಿತು. ಇರಬಹುದು. ಅನ್ನದ ಬಟ್ಟಲು ಕೈಯಲ್ಲಿದ್ದರೂ ಬಿಸಿಯೋ ತಣ್ಣಗೋ ತಿಳಿಯುತ್ತಿಲ್ಲ, ಮಗನೇ.

ಮೆನ್ ಈಗ ಚೆನ್ನಾಗಿ ನಿದ್ದೆ ಮಾಡುತ್ತಾಳೆ. ದಿನಾ ಗೋರಿಗೆ ಹೋಗಿ ಊದುಬತ್ತಿ ಹಚ್ಚಿ ಬರುತ್ತಾಳೆ. ನನ್ನನ್ನೂ ಕರೆಯುತ್ತಾಳೆ. ಸೊಂಟನೋವು ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಒದ್ದೆ ಬಟ್ಟೆಯಲ್ಲಿ ಮಲಗಬೇಡ. ನೂರು ವರ್ಷ ಬಾಳು.

ಇಂತಿ,
ನಿನ್ನ ಅಮ್ಮ

ತಾ.ಕ.: ಮೆನ್ ಹೇಳಿದ್ದೇ ಸರಿ. ಮಣ್ಣು ಮಾಡಿ ಬಂದು ಕಾಲು ತೊಳೆಯುವಾಗ ನೆನಪಾಯಿತು, ಆ ಕಲೆ ನಿನ್ನದು. ಅಣ್ಣನ ಹೆಸರಿನಲ್ಲಿ ನಿನ್ನ ಕಾಲನ್ನು ಹೂತು ಬಂದಿದ್ದೇನೆ. ಮುಚ್ಚಿದ ಗೋರಿಯನ್ನು ತೆಗೆಯಬಾರದು, ಯಾರಿಗೂ ಹೇಳಿಲ್ಲ. ಅವನು ಒಳಗೆ ಬಂದನೋ, ಇನ್ನೂ ನೀರಲ್ಲೇ ಇದ್ದಾನೋ ಗೊತ್ತಿಲ್ಲ. ನೀನು ಮಾತ್ರ ಈ ಸಲ ಕಡಲಿಗೆ ಇಳಿಯಬೇಡ. ಇದಕ್ಕೆ ಉತ್ತರ ಬರೆಯುವುದೂ ಬೇಡ, ನೀನೇ ಬಾ. ನಿನ್ನ ಎಡಗಾಲನ್ನು ಒಮ್ಮೆ ಮುಟ್ಟಿ ನೋಡಬೇಕು.