ಚಿಣ್ಣಿ ಇನ್ನೂ ಅಡಗಿದ್ದಾಳೆ

ಮನೆ,
ಹದಿನಾಲ್ಕನೇ ತಾರೀಕು, ಭಾನುವಾರ

ತಮ್ಮಾ,

"ಹುಡುಕುವವನ ಹೆಜ್ಜೆ ಸದ್ದು ಅಡಗಿದವನಿಗೆ ಜೋಗುಳ" ಎಂದೋ ಏನೋ, ಒಂದು ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದೆನೋ ನೆನಪಿಲ್ಲ. ಆಗ ತಲೆದೂಗಿದ್ದೆ. ಈಗ ಕೇಳಬೇಕೆನಿಸುತ್ತದೆ: ಆ ಹೆಜ್ಜೆ ಗೇಟು ದಾಟಿ ಹೊರಟೇ ಹೋದರೆ? ನಿನ್ನ ಬೆನ್ನುನೋವು ಹೇಗಿದೆ? ಹಡಗಿನ ಊಟ ಒಗ್ಗಿತೇ? ಕೋಪದಲ್ಲೂ ಇವನ್ನು ಕೇಳದೆ ಇರಲಾರೆ, ನನ್ನ ಕರ್ಮ.

ಹೊರಡುವ ದಿನ ನೀನು ಮಗಳಿಗೆ "ಓಡು ಚಿಣ್ಣಿ, ಬಚ್ಚಿಟ್ಕೋ, ಅಪ್ಪ ಹುಡುಕ್ತಾನೆ" ಎಂದೆ. ಗಟ್ಟಿಯಾಗಿ ಎಣಿಸುತ್ತಲೇ ಪೆಟ್ಟಿಗೆ ಎತ್ತಿಕೊಂಡು ಟ್ಯಾಕ್ಸಿ ಹತ್ತಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ "ಅತ್ತುಬಿಡ್ತಾಳೆ ಕಣಕ್ಕ" ಎಂದು ಕೈಬೀಸಿದೆ. ತಾಯಿಯಿಲ್ಲದ ಮಗು ಮಂಚದ ಕೆಳಗೆ ಬಾಯಿಗೆ ಕೈ ಅಡ್ಡ ಹಿಡಿದು, ನಗು ತಡೆದುಕೊಂಡು ಮಲಗಿತ್ತು. ಕತ್ತಲಾದ ಮೇಲೆ ನಾನೇ ಎಳೆದು ತೆಗೆದೆ. ಅಳಲಿಲ್ಲ, ಮಹಾರಾಯ. "ನೀವ್ಯಾಕೆ ಹಿಡಿದ್ರಿ ಅತ್ತೆ? ನೀವು ಆಟದಲ್ಲೇ ಇಲ್ಲ" ಎಂದು ನನ್ನ ಮೇಲೇ ರೇಗಿದಳು.

ಆಮೇಲೆ ಕಾರಣವನ್ನೂ ತಾನೇ ಕಂಡುಕೊಂಡಳು. ತೀರಾ ಚೆನ್ನಾಗಿ ಅಡಗಿದ್ದೇ ತಪ್ಪಂತೆ, ಅದಕ್ಕೇ ಅಪ್ಪನಿಗೆ ಸಿಗಲಿಲ್ಲವಂತೆ. ಈಗ ದಿನಾ ಪರದೆಯ ಹಿಂದೆ ಬೇಕೆಂದೇ ಕಾಲು ಹೊರಗೆ ಚಾಚಿ ನಿಲ್ಲುತ್ತಾಳೆ. ಬೀರುವಿನೊಳಗೆ ಕೂತು ಬಾಗಿಲು ತೆರೆದಿಡುತ್ತಾಳೆ. ಅಪ್ಪ ಹಡಗಿನಲ್ಲಿದ್ದಾನೆ ಎಂದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ನೀನೋ, ಫೋನು ಮಾಡಿ ಅವಳ ಜ್ವರ, ಅವಳ ಸ್ಕೂಲು ಎಲ್ಲವನ್ನೂ ನನ್ನ ಹತ್ತಿರ ವಿಚಾರಿಸಿ ಇಟ್ಟುಬಿಡುತ್ತೀಯ. "ಅವಳಿಗೆ ಕೊಡ್ಬೇಡ, ನಂಗೆ ತಡ್ಕೊಳ್ಳೋಕಾಗಲ್ಲ" ಅಂತೆ. ಐದು ವರ್ಷದ್ದು ತಡೆದುಕೊಳ್ಳಬೇಕು, ನಲವತ್ತರ ನಿನಗೆ ಆಗುವುದಿಲ್ಲ. ನೀನು ಮಗುವಿನ ಅಳುವಿಗೆ ಹೆದರಿದೆ ಎಂದುಕೊಂಡಿದ್ದೆ. ನೀನು ಹೆದರಿದ್ದು ನಿನ್ನ ಅಳುವಿಗೆ, ಹೇಡಿ.

ಕಾಗದ ಕೈಸೇರಿದ ಕೂಡಲೇ ಫೋನು ಮಾಡಿ ಅವಳೊಡನೆ ಮಾತಾಡು. ಎಲ್ಲಿದ್ದೀಯ, ಯಾವಾಗ ಬರುತ್ತೀಯ, ಹೇಳು. ಅತ್ತರೆ ಅಳಲಿ, ನೀನೂ ಅಳು. ಆಟ ಮುಗಿಯಿತೆಂದು ನೀನೇ ಹೇಳಬೇಕು. ನನ್ನ ಮಾತು ನಡೆಯುವುದಿಲ್ಲ.

ಮೈ ಹುಷಾರು. ಹೀಗೆ ಬಯ್ಯಲು ನನಗಿರುವವನು ನೀನೊಬ್ಬನೇ.

ನಿನ್ನ ಅಕ್ಕ

ತಾ.ಕ.: ಕಾಗದ ತಲುಪುವವರೆಗೆ ಕಾಯಲಾರೆ, ಈಗಲೇ ನಿನ್ನ ಕಂಪನಿಗೆ ಫೋನು ಮಾಡಿ ನಿನ್ನನ್ನು ಹಿಡಿಸುತ್ತೇನೆ. ಆದರೂ ಇದನ್ನು ಕಳಿಸುತ್ತಿದ್ದೇನೆ, ಇಟ್ಟುಕೊಂಡು ಓದು. ಕವರು ಅಂಟಿಸುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಎದುರು ಮನೆಯ ಟೈಲರು ಚಿಣ್ಣಿಯ ರಟ್ಟೆ ಹಿಡಿದು ನಿಂತಿದ್ದರು. "ನಡುರಸ್ತೇಲಿ ಕೂತಿತ್ತು ಕಣ್ರೀ, ಲಾರಿ ಇದರ ಮೂಗಿನ ಮುಂದೆ ಬಂದು ನಿಂತಿದೆ. ಏಳಮ್ಮಾ ಅಂದ್ರೆ, ಸುಮ್ನಿರಿ ಅಂಕಲ್, ಬಚ್ಚಿಟ್ಕೊಂಡಿದೀನಿ ಅಂತು."