ಹಳ್ಳದಲ್ಲಿ ನಿಂತ ಜೀಪು

25-9-1946, ಮಹಾಲಯ ಅಮಾವಾಸ್ಯೆ

ಇವತ್ತೂ ಹನಕೆರೆ ಸ್ಟೇಷನ್ನಿಂದ ಅವ್ವನನ್ನು ಕರೆದುಕೊಂಡು ಬಂದೆ. ಮೈಸೂರು ರೈಲು ಹೋಗಿ ಎಷ್ಟೋ ಹೊತ್ತಾಗಿತ್ತು. ಬೆಂಚಿನ ಮೇಲೆ ಕೂತೇ ಇದ್ದಳು. ಮನೆಯಲ್ಲಿ ಹಿರಿಯರಿಗೆ ಎಡೆ ಇಡಬೇಕು, ಮನೆಗೆ ದೊಡ್ಡವಳು ಸ್ಟೇಷನ್ನಿನಲ್ಲಿ. ರೇಗಿತು. ರೇಗಿ ಏನು ಮಾಡಲಿ.

ಅವಳು ಕಾಯುವುದು ನನ್ನ ತಮ್ಮ ಮರಿಸಿದ್ದನಿಗೆ, ಮಿಲ್ಟ್ರಿ ಲಾರಿ ಡ್ರೈವರು. ಬರ್ಮಾದಲ್ಲಿ ಹೊಳೆ ದಾಟುವಾಗ ಲಾರಿ ಸಿಕ್ಕಿಕೊಂಡಿತು, ನೀರು ಏರಿತು, ಆಳು ಪತ್ತೆಯಿಲ್ಲ — ಸರ್ಕಾರ ತಿಳಿಸಿದ್ದು ಇಷ್ಟೇ. ಹೆಣ ಸಿಗಲಿಲ್ಲ. ಯುದ್ಧ ಮುಗಿದು ವರ್ಷದ ಮೇಲಾಯಿತು. ತಾತನಿಗೆ, ಅಪ್ಪನಿಗೆ ಎಲೆ ಹಾಕಿ, ಮರಿಸಿದ್ದನಿಗೂ ಒಂದು ಹಾಕೋಣ ಅಂದೆ. ಅವ್ವ ಕೈಲಿದ್ದ ಸೌಟು ಕೆಳಗಿಟ್ಟಳು.

"ಬದುಕಿರೋನ್ಗೆ ಎಡೆ ಇಕ್ಕೀಯೇನ್ಲಾ?"

ಹಾಕಲಿಲ್ಲ. ಎಲ್ಲರೂ ಉಂಡರು. ಸತ್ತಿದ್ದರೆ ಅವನೊಬ್ಬ ಹಸಿದುಕೊಂಡು ತಿರುಗುತ್ತಿರುತ್ತಾನಲ್ಲ ಅನ್ನಿಸಿ ನನಗೆ ತುತ್ತು ಇಳಿಯಲಿಲ್ಲ.

11-1-1947

ಬೆಂಗಳೂರಿನಿಂದ ಇವತ್ತು ಬಂದೆ — ನನ್ನದೇ ಜೀಪಿನಲ್ಲಿ. ಮಿಲ್ಟ್ರಿಯವರು ಹರಾಜು ಹಾಕುವ ಹಳೇ ಮಾಲು. ಮದ್ದೂರಿನ ಮೆಕ್ಯಾನಿಕ್ ನಜೀರ್ ಅಹ್ಮದ್ ಜೊತೆಗೆ ಬಂದು ಆರಿಸಿಕೊಟ್ಟ. ಯುದ್ಧದ ಕಾಲಕ್ಕೆ ಅಸ್ಸಾಮಿನ ಮಿಲ್ಟ್ರಿ ವರ್ಕ್‌ಶಾಪಿನಲ್ಲಿ ಇದ್ದವನು. ಗಾಡಿಗೆ ಬಾಗಿಲಿಲ್ಲ, ಟಾರ್ಪಾಲು ಹರಿದಿದೆ, ಸೈಲೆನ್ಸರು ಊರಿಗೆಲ್ಲ ಡಂಗುರ ಸಾರುತ್ತದೆ. ಆದರೆ ನಾಲ್ಕೂ ಚಕ್ರ ಎಳೆಯುತ್ತವೆ! ಗೇರಿನ ಪಕ್ಕ ಒಂದು ಸಣ್ಣ ಕಡ್ಡಿ. ಅದನ್ನು ಎಳೆದರೆ ಮುಂದಿನ ಚಕ್ರಗಳೂ ಸೇರಿಕೊಳ್ಳುತ್ತವೆ. ನಜೀರ್ ನಮ್ಮ ಕಬ್ಬಿನ ಗದ್ದೆಯ ಕೆಸರಿಗೇ ಇಳಿಸಿ ತೋರಿಸಿದ. ಗುರುಗುಟ್ಟುತ್ತಾ ಬದು ಹತ್ತಿ ಬಂತು. ಈ ವಯಸ್ಸಿನಲ್ಲಿ ಕುಣಿಯುವ ಹಾಗಾಯಿತು ನನಗೆ.

ಅವ್ವ ಬಂದು ಸ್ಟೀರಿಂಗ್ ಮುಟ್ಟಿ ನೋಡಿದಳು. ಮರಿಸಿದ್ದ ಇದರಲ್ಲೇ ಕೂತಿದ್ದನೇ ಅಂತ ನಜೀರನನ್ನು ಕೇಳಿದಳು. ಇಲ್ಲ, ಅವನದು ಲಾರಿ, ಅಂದ. ಲಾರಿಗೂ ಈ ಕಡ್ಡಿ ಇರುತ್ತದೆಯೇ? ಕೆಲವಕ್ಕೆ ಇರುತ್ತದೆ ಅಂದ ಪುಣ್ಯಾತ್ಮ. ಅವ್ವನ ಮುಖ ಅರಳಿತು. ಹಾಗಾದರೆ ಹತ್ತಿ ಬಂದೇ ಇರುತ್ತಾನೆ, ಎಲ್ಲೋ ದಾರಿ ತಪ್ಪಿದ್ದಾನೆ, ಅಂದಳು. ಸಂಜೆ ಮತ್ತೆ ಸ್ಟೇಷನ್ನು. ಜೀಪು ತಂದಿದ್ದೇ ತಪ್ಪಾಯಿತೇನೋ...

3-3-1947

ರೇಷನ್ ಕೂಪನ್ನಿಗೆ ಸಿಗುವ ಪೆಟ್ರೋಲು ಎಲ್ಲಿಗೂ ಸಾಲದು. ಮುಂದಿನ ಚಕ್ರಕ್ಕೆ ಹೋಗುವ ಶಾಫ್ಟು ಬಿಚ್ಚಿಬಿಡೋಣ ಅಂದ ನಜೀರ್. ಅದು ಸುಮ್ಮನೆ ತಿರುಗುತ್ತಾ ಪೆಟ್ರೋಲು ಕುಡಿಯುತ್ತದಂತೆ. ಮದ್ದೂರು, ಮಂಡ್ಯದಲ್ಲಿ ಜೀಪು ಇಟ್ಟವರೆಲ್ಲ ಬಿಚ್ಚಿಸುತ್ತಿದ್ದಾರಂತೆ. ರೋಡಿನ ಮೇಲೆ ಓಡಾಡುವವರಿಗೆ ಎರಡು ಚಕ್ರ ಸಾಕು ಗೌಡ್ರೆ, ಅಂದ. ನನಗೂ ಸರಿ ಅನ್ನಿಸಿತು. ಶಾಫ್ಟಿಗೆ ಗೋಣಿ ಸುತ್ತಿ ಅಟ್ಟಕ್ಕೆ ಹಾಕಿದೆ. ಕಡ್ಡಿ ಮಾತ್ರ ಅಲ್ಲೇ ಇದೆ, ಎಳೆದರೆ ಏನೂ ಆಗದು. ನೋಡುವವರಿಗೆ ಗತ್ತಾಗಿರಲಿ.

15-8-1947

ಸ್ಕೂಲಿನಲ್ಲಿ ಬಾವುಟ. ಮಕ್ಕಳಿಗೆ ಬೆಲ್ಲ, ಕಡಲೆ. ಜೀಪಿಗೂ ಒಂದು ಬಾವುಟ ಕಟ್ಟಿದೆ. ಇಂಗ್ಲಿಷರು ಹೋದಮೇಲೆ ಅವರ ಮಿಲ್ಟ್ರಿಯಲ್ಲಿ ಸಿಕ್ಕಿಬಿದ್ದವರನ್ನು ಬಿಟ್ಟುಬಿಡಬೇಕಲ್ಲ ಅಂದಳು ಅವ್ವ. ಸ್ಟೇಷನ್ನಿಗೆ ಜೀಪಿನಲ್ಲಿ ಬಿಡು ಅಂದಳು. ಬಿಟ್ಟೆ. ನಾನೂ ಬೆಂಚಿನ ಮೇಲೆ ಪಕ್ಕದಲ್ಲಿ ಕೂತೆ. ರೈಲು ಬಂತು. ಹೋಯಿತು.

27-9-1947, ಶನಿವಾರ

ಇವತ್ತಿನದನ್ನು ಇವತ್ತೇ ಬರೆದುಬಿಡಬೇಕು.

ಮಗ ಬರಲಿ ಅಂತ ಅವ್ವ ಮುತ್ತತ್ತಿ ಆಂಜನೇಯನಿಗೆ ಹರಕೆ ಹೊತ್ತಿದ್ದಳು. ಅವಳು, ನಾನು, ನಜೀರ್ ಹೊರಟೆವು. ಹಲಗೂರು ದಾಟಿ ಕಾಡಿಗೆ ಇಳಿದ ಮೇಲೆ ಒಂದು ಹಳ್ಳ. ಮೊಣಕಾಲುದ್ದ ನೀರು. ಇದೇನು ಮಹಾ ಅಂತ ಇಳಿಸಿದೆ. ನಡುವೆ ಹಿಂದಿನ ಚಕ್ರಗಳು ಮರಳಿನಲ್ಲಿ ಕೂತುಬಿಟ್ಟವು. ಗಾಬರಿಯಲ್ಲಿ ಕಡ್ಡಿ ಎಳೆದೆ. ಎಳೆದಮೇಲೆ ನೆನಪಾಯಿತು — ಶಾಫ್ಟು ಅಟ್ಟದ ಮೇಲಿದೆ. ನಾನು ನಜೀರನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಇಬ್ಬರೂ ಕತ್ತೆಗಳು.

ಮೇಲೆಲ್ಲೋ ಮಳೆ ಬಿದ್ದಿರಬೇಕು, ನೀರು ಕೆಂಪಗಾಗಿ ಏರತೊಡಗಿತು. ಇಬ್ಬರೂ ಇಳಿದು ತಳ್ಳಿದೆವು. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಇಳಿ ಅವ್ವ, ಹೊತ್ತುಕೊಂಡು ಹೋಗುತ್ತೇನೆ ಅಂದೆ. ಇಳಿಯಲಿಲ್ಲ. ಕಂಬಿ ಹಿಡಿದು ನೀರನ್ನೇ ನೋಡುತ್ತಾ ಕೂತಳು. ಪಾದ ಮುಳುಗಿತು. ಕೈ ಮುಗಿದೆ, ಕೂಗಾಡಿದೆ. ನನ್ನ ಕಡೆ ತಿರುಗಲೂ ಇಲ್ಲ. ನಜೀರನನ್ನು ಕೇಳಿದಳು.

"ಗಾಡಿ ಬುಟ್ಟು ಇಳಿದು ಬಂದಿರ್ತಾನೇನಪ್ಪ ನನ್ ಮಗ?"

ನಜೀರ್ ನನ್ನ ಕಡೆ ನೋಡಿದ. ಒಂದು ಸುಳ್ಳು ಹೇಳಿಬಿಡಲಿ, ಅವ್ವ ಇಳಿದು ಬರಲಿ ಅಂತ ಒಂದು ಮನಸ್ಸು. ಸಾಕು, ಇವತ್ತಿಗೆ ಮುಗಿಯಲಿ ಅಂತ ಇನ್ನೊಂದು. ತಲೆ ತಗ್ಗಿಸಿದೆ.

"ಹುಕುಂ ಇಲ್ದೆ ಡ್ರೈವರ್ ಗಾಡಿ ಬಿಡೋ ಹಂಗಿಲ್ಲಮ್ಮ. ಬಿಟ್ಟು ಬಂದ್ರೆ ಶಿಕ್ಷೆ."

"ಊಂ. ಒಲದಲ್ಲೂ ಅಂಗೇಯ. ಕತ್ಲಾಗಗಂಟ ನೇಗ್ಲು ಬುಡ್ತಿರ್ನಿಲ್ಲ."

ಅಷ್ಟೇ ಅಂದಳು. ಆಮೇಲೆ ನನ್ನ ಕಡೆ ಎರಡು ಕೈ ಚಾಚಿದಳು. ಬೆನ್ನ ಮೇಲೆ ಹೊತ್ತು ದಡ ಸೇರಿಸಿದೆ. ಮೈಯಲ್ಲಿ ತೂಕವೇ ಇಲ್ಲ. ಇಷ್ಟು ಸೊರಗಿದ್ದಾಳೆಂದು ಗೊತ್ತೇ ಇರಲಿಲ್ಲ ನನಗೆ.

ನೀರು ಇಳಿದ ಮೇಲೆ ಹಲಗೂರಿನಿಂದ ಎತ್ತು ತಂದು ಜೀಪು ಎಳೆಸಿದೆವು. ಮುತ್ತತ್ತಿಗೆ ಹೋಗಲಿಲ್ಲ. ಅವ್ವನೇ ಬೇಡ ಅಂದಳು.

5-10-1947

ನಜೀರ್ ಬಂದು ಶಾಫ್ಟು ಹಾಕಿಹೋದ. ಹೋಗುವಾಗ ಅಮ್ಮ ಹೇಗಿದ್ದಾರೆ ಅಂತ ಕೇಳಿದ, ಒಳಗೆ ಬಾ ಅಂದರೆ ಬರಲಿಲ್ಲ.

ಅವ್ವ ಸ್ಟೇಷನ್ನಿಗೆ ಹೋಗುತ್ತಿಲ್ಲ. ಹಿತ್ತಲಲ್ಲಿ ಕೂತಿರುತ್ತಾಳೆ. ಇಷ್ಟು ವರ್ಷ ಹೋಗಬೇಡ ಅಂತ ಜಗಳವಾಡಿದವನು, ಒಂದು ಸಲ ಹೋಗಿ ಬಾ ಅಂತ ಬೇಡಿಕೊಳ್ಳುವ ಹಾಗಾಗಿದೆ. ಈಗ ರೈಲು ಕೂಗಿದರೆ ಹೊರಗೆ ಬಂದು ನಿಲ್ಲುವವನು ನಾನೇ.

14-10-1947, ಮಹಾಲಯ ಅಮಾವಾಸ್ಯೆ. ಜಗಲಿಯಲ್ಲಿ

ಬೆಳಿಗ್ಗೆ ಬಾಳೆ ಎಲೆ ಕುಯ್ಯುತ್ತಿದ್ದೆ. ಅವ್ವ ಹಿಂದೆ ಬಂದು ನಿಂತಳು.

"ಇನ್ನೊಂದು ಕುಯ್ಯಿ ಕೆಂಪ. ಅರೀದಿರೋದು ನೋಡ್ಕಂಡು."

ಕುಡುಗೋಲು ಹಿಡಿದ ಕೈ ಅಲ್ಲೇ ನಿಂತಿತು. ಬಾಳೆಗಿಡ ಹಿಡಿದುಕೊಂಡು ಅತ್ತೆ. ಅವ್ವ ಅಳಲಿಲ್ಲ. ಆರಿಸಿ ಅವಳೇ ತೋರಿಸಿದಳು.

ಅಪ್ಪನ ಪಕ್ಕದಲ್ಲಿ ಮರಿಸಿದ್ದನ ಎಲೆ. ಮುದ್ದೆ, ಕೋಳಿ ಸಾರು, ಕಜ್ಜಾಯ. ಒಂದು ಹೊಸ ಅಂಗಿ — ಅಳತೆ ಎಲ್ಲಿಂದ ತಂದು ಹೊಲಿಸಿದಳೋ. ಧೂಪ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಬಂದೆವು. ಹಿರಿಯರು ಉಂಡೇಳುವತನಕ ಒಳಗೆ ಹೋಗುವ ಹಾಗಿಲ್ಲ. ತುಂಬ ಹೊತ್ತಾಯಿತು, ಮಕ್ಕಳು ಹಸಿದಿದ್ದಾರೆ, ಇನ್ನು ಬಾಗಿಲು ತೆಗೆಯಿರಿ ಅಂದಳು ನನ್ನ ಹೆಂಡತಿ ಇಂದ್ರಮ್ಮ. ಅವ್ವ ತಲೆ ಅಲ್ಲಾಡಿಸಿದಳು.

"ಅವ ನಿದಾನ್ಕೆ ಉಣ್ಣೋನು."

ಕಾಯುತ್ತಿದ್ದೇವೆ. ಸುಮ್ಮನೆ ಕೂರಲಾರದೆ ಬರೆಯುತ್ತಿದ್ದೇನೆ. ಅಂಗಳದಲ್ಲಿ ಜೀಪು. ಅದರ ಮೇಲೆ ಮಕ್ಕಳು ಹತ್ತಿ ಕೂತಿದ್ದಾರೆ, ಗಲಾಟೆ ಮಾಡದೆ.

ಈಗ ಮೈಸೂರು ರೈಲು ಕೂಗಿತು. ಅವ್ವ ಎದ್ದಳು. ಸ್ಟೇಷನ್ನಿಗೆ ಹೊರಟಳೇ? ಇಲ್ಲ. ಬಾಗಿಲ ಹತ್ತಿರ ಹೋದಳು. ಹಣೆ ಒರಗಿಸಿ ನಿಂತಿದ್ದಾಳೆ. ಒಳಕ್ಕೆ ಕೇಳಿಸುವಷ್ಟೇ ಮೆಲ್ಲಗೆ, ಉಂಡ್ಯೇನ್ಲಾ ಮರಿಸಿದ್ದ, ಇನ್ನೊಸಿ ಇಕ್ಕಾನಾ, ಅಂತ —