ಅಮ್ಮನ ಮಾತು ಸುಳ್ಳಾಗದಂತೆ

ಅಮ್ಮನ ಮನೆ, ಮಹಡಿಯ ಕೋಣೆ
ಗುರುವಾರ, ಮಾರ್ಚ್ 12

ಪ್ರೀತಿಯ ಅಣ್ಣಾ,

ಮೊದಲು ನಿನ್ನ ಸೊಂಟದ ವಿಷಯ ಹೇಳು. ಮರ ಕೊಯ್ಯುವ ಯಂತ್ರದ ಮುಂದೆ ದಿನವಿಡೀ ಬಗ್ಗಿ ನಿಲ್ಲಬೇಡಿ ಎಂದು ಅತ್ತಿಗೆ ಬಾಯಿ ನೋಯುವಷ್ಟು ಹೇಳಿರುತ್ತಾರೆ, ನೀನು ಕೇಳಿರುವುದಿಲ್ಲ. ಮಕ್ಕಳ ಕೆಮ್ಮು ಹೋಯಿತೆ? ಚಿಕ್ಕವಳು ಎಲ್ಲದಕ್ಕೂ ಯಾಕೆ ಯಾಕೆ ಎಂದು ಪ್ರಾಣ ತಿನ್ನುತ್ತಾಳಂತೆ. ತಿನ್ನಲಿ ಬಿಡು, ಅತ್ತೆಯ ಹೆಸರು ಉಳಿಸುತ್ತಾಳೆ. ಮೇಲಿನ ವಿಳಾಸ ನೋಡಿ ಹುಬ್ಬು ಗಂಟಿಕ್ಕಬೇಡ. ಹೌದು, ಮನೆಗೆ ಬಂದಿದ್ದೇನೆ, ಖುಷಿಯಿಂದೇನೂ ಅಲ್ಲ. ಫೋನಿನಲ್ಲಿ ಅಮ್ಮನ ಸುದ್ದಿ ಎತ್ತಿದರೆ ನೀನು ಪಟ್ಟನೆ ಇಟ್ಟುಬಿಡುತ್ತೀಯ, ಅದಕ್ಕೇ ಪತ್ರ. ಇದನ್ನಾದರೂ ಕೊನೆಯವರೆಗೆ ಓದು. ಅಮ್ಮ ಏನೋ ಮುಚ್ಚಿಟ್ಟಿದ್ದಾಳೆ ಎಂದು ನನಗೆ ಬಂದ ದಿನವೇ ಅನಿಸಿತ್ತು.

ಹೋದ ವಾರ ಅವಳು ನನ್ನ ಕಚೇರಿಗೇ ಫೋನ್ ಮಾಡಿದ್ದಳು. ನಾನು ಆಗ ಒಬ್ಬ ದಿನಸಿ ಅಂಗಡಿಯವನ ತಕ್ಕಡಿಯ ಅಡಿಯಿಂದ ಕಿತ್ತ ಸೀಸದ ಚೂರನ್ನು ಮುಂದಿಟ್ಟುಕೊಂಡು ವರದಿ ಬರೆಯುತ್ತಿದ್ದೆ. ತೂಕ ಅಳತೆಯವರ ಕಚೇರಿಯಲ್ಲಿ ಹನ್ನೊಂದು ವರ್ಷ ಇದೇ ಕೆಲಸ ಮಾಡಿ ಮಾಡಿ, ಯಾರಾದರೂ ನಗುತ್ತಾ ಮಾತಾಡಿಸಿದರೆ ಮೊದಲು ಅವರ ಕೈ ಎಲ್ಲಿದೆ ಎಂದು ನೋಡುವ ಅಭ್ಯಾಸವಾಗಿದೆ. ಅಮ್ಮನ ದನಿಯಲ್ಲೋ ಜೇನು ಸುರಿಯುತ್ತಿತ್ತು. “ಮಂಗಳವಾರ ನೀನು ಮನೆಗೆ ಬರ್ತೀಯ ಕಣೆ, ಇಸ್ಪೀಟೆಲೆಯಲ್ಲಿ ಬಿದ್ದಿದೆ” ಎಂದಳು. ಬಾ ಎಂದು ಕರೆಯಲಿಲ್ಲ, ಗಮನಿಸು. ನನಗೆ ರೇಗಿತು. ಅವಳ ಭವಿಷ್ಯವನ್ನು ಸುಳ್ಳು ಮಾಡಲೆಂದೇ ರಜೆ ಹಾಕಿ ಸೋಮವಾರದ ಬಸ್ಸು ಹತ್ತಿದೆ. ಹೋಗದೇ ಇದ್ದಿದ್ದರೆ ಆಗುತ್ತಿತ್ತಲ್ಲ ಎಂದು ನೀನು ಕೇಳುತ್ತೀಯ. ಅದು ನನಗೆ ಹೊಳೆದದ್ದು ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತ ಮೇಲೆ. ಮಂಗಳವಾರ ಬೆಳಿಗ್ಗೆ ಬಂದು ಇಳಿದೆ. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಬಸ್ಸಿನ ಡ್ರೈವರ್ ಅವಳ ಹಳೆಯ ಗಿರಾಕಿ ಎಂದು ಆಮೇಲೆ ಗೊತ್ತಾಯಿತು. ನಾನೇನೂ ಹೇಳುವುದಿಲ್ಲ, ಎಂಜಿನ್ ತಾನಾಗಿಯೇ ಕೆಟ್ಟಿತಂತೆ.

ಮನೆ ಹಾಗೇ ಇದೆ. ಮುಂದಿನ ಕೋಣೆಯಲ್ಲಿ ಅದೇ ಹಸಿರು ಬಟ್ಟೆ ಹೊದಿಸಿದ ಮೇಜು, ಎಣ್ಣೆಗೈ ತಾಗಿ ಮೂಲೆ ಮೆತ್ತಗಾದ ಅದೇ ಎಲೆಗಳ ಕಟ್ಟು, ಗೋಡೆಗೆ ಒರಗಿಸಿದ ಬೆಂಚು. ಬೀಗ ರಿಪೇರಿಯವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರೂ ಭವಿಷ್ಯ ಕೇಳಲು ತಮ್ಮ ಪಾಳಿಗೆ ಕಾಯುತ್ತಿದ್ದ ಬೆಂಚು ಈಗ ಖಾಲಿ. ಅಮ್ಮ ಬಂದವರನ್ನೆಲ್ಲ ಬಾಗಿಲಿಂದಲೇ ಮುಂದಿನ ತಿಂಗಳು ಬನ್ನಿ ಎಂದು ಕಳಿಸುತ್ತಿದ್ದಳು. ಇಷ್ಟಾದರೆ ಹೋಗಲಿ ಎನ್ನಬಹುದಿತ್ತು. ಆದರೆ ಅವಳು ನನ್ನ ಕೂದಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ಮದುವೆಯ ಸುದ್ದಿ ತೆಗೆಯಲಿಲ್ಲ. ಊಟಕ್ಕೆ ಕೂತರೆ ದೊಡ್ಡ ಹೋಳು ನನ್ನ ತಟ್ಟೆಗೆ ಬೀಳುತ್ತದೆ, ತಾನು ಮಾತ್ರ ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಹೋಗುತ್ತಾಳೆ. ನಮ್ಮ ಅಮ್ಮ ಇಷ್ಟು ಒಳ್ಳೆಯವಳಾಗಿದ್ದದ್ದನ್ನು ನೀನು ಎಂದಾದರೂ ನೋಡಿದ್ದೀಯಾ? ನನಗೆ ಯಾವುದೋ ಗಂಡನ್ನು ಗೊತ್ತು ಮಾಡಿಟ್ಟಿದ್ದಾಳೆ ಎಂದುಕೊಂಡು ಒಂದು ದಿನವೆಲ್ಲ ಮನೆಗೆ ಬಂದ ಗಂಡಸರನ್ನು ಪರೀಕ್ಷಿಸಿದೆ. ನೀರಿನ ಮೀಟರ್ ನೋಡಲು ಬಂದವನಿಗೆ ಅಂಥದ್ದೇನಾದರೂ ಮನಸ್ಸಿನಲ್ಲಿದ್ದರೆ ಈಗಲೇ ಬಿಟ್ಟುಬಿಡಿ ಎಂದೂ ಹೇಳಿದೆ. ಪಾಪ, ಅವನು ಮೀಟರ್ ನೋಡದೆಯೇ ಹೋದ. ಆಮೇಲೆ, ಈ ಮೇಜನ್ನು ನನ್ನ ಕೊರಳಿಗೆ ಕಟ್ಟುವ ಹುನ್ನಾರವಿರಬೇಕು ಎಂದುಕೊಂಡೆ. ಅದೂ ಅಲ್ಲ.

ನಾನು ಈ ಮನೆ ಬಿಟ್ಟದ್ದೇಕೆ ಎಂದು ನಿನಗೊಬ್ಬನಿಗೇ ಗೊತ್ತು. ಅಮ್ಮ ಮೇಜಿನ ಮುಂದೆ ಕೂತು ಭವಿಷ್ಯ ಹೇಳುವುದು, ಅಪ್ಪ ಪರದೆಯ ಹಿಂದೆ ನಿಂತು ಕೇಳಿಸಿಕೊಳ್ಳುವುದು, ಆಮೇಲೆ ನಾವು ಮೂರೂ ಜನ ಹೋಗಿ ಅದನ್ನು ನಿಜ ಮಾಡುವುದು. “ನಿಮ್ಮಮ್ಮನ ಮಾತು ಸುಳ್ಳಾಗಬಾರ್ದು ಕಣ್ರೋ, ಅವಳಿಗೆ ಬೇಜಾರಾಗುತ್ತೆ” ಎನ್ನುತ್ತಿದ್ದರು ಅಪ್ಪ. ಕಳೆದ ಬೆಕ್ಕು ಮೂರು ದಿನದಲ್ಲಿ ಸಿಗುತ್ತದೆ ಎಂದು ಅವಳು ಹೇಳಿಬಿಟ್ಟಾಗ ನಾವಿಬ್ಬರೂ ಮೊಣಕಾಲು ತರಚಿಕೊಂಡು ಹುಡುಕಿ, ಕೊನೆಗೆ ಅದೇ ಬಣ್ಣದ ಬೇರೆ ಬೆಕ್ಕನ್ನು ತಂದುಕೊಟ್ಟೆವು. ಬೆಕ್ಕಿನ ಒಡತಿಗೆ ಅನುಮಾನವೇ ಬರಲಿಲ್ಲ, ಬೆಕ್ಕಿಗೆ ಬಂತು. ಸಂಗೀತದ ಮೇಷ್ಟ್ರಿಗೆ ಹಳೆಯ ಶಿಷ್ಯನೊಬ್ಬನ ಪತ್ರ ಬರುತ್ತದೆ ಎಂದದ್ದಕ್ಕೆ ಅಪ್ಪ ಎಡಗೈಯಲ್ಲಿ ಒಂದು ಪತ್ರ ಗೀಚಿ ಹಾಕಿದರು. ಮೇಷ್ಟ್ರು ಉತ್ತರ ಬರೆದರು. ಅಪ್ಪ ನಾಲ್ಕು ವರ್ಷ ಅವರ ಶಿಷ್ಯನಾಗಿರಬೇಕಾಯಿತು, ರಾಗ ತಾಳ ಒಂದೂ ಗೊತ್ತಿಲ್ಲದೆ. ಅಪ್ಪ ನಿಜ ಮಾಡಲು ಒಪ್ಪದೇ ಇದ್ದದ್ದು ಒಂದೇ ಭವಿಷ್ಯ. ಅದು ನಿನ್ನದು. ಈ ಮದುವೆ ಒಂದು ವರ್ಷ ದಾಟಲ್ಲ ಎಂದು ಅಮ್ಮ ಎಲ್ಲರೆದುರು ಹೇಳಿದಳಲ್ಲ, ಅಂದು ಅಪ್ಪ ನನ್ನ ಕಿವಿಯಲ್ಲಿ “ಇದೊಂದು ಸುಳ್ಳಾಗ್ಲಿ ಬಿಡು” ಎಂದರು. ಏಳು ವರ್ಷವಾಯಿತು, ಎರಡು ಮಕ್ಕಳಾದವು. ನಿನ್ನ ಸಿಟ್ಟು ನ್ಯಾಯವಾದದ್ದೇ. ಅಪ್ಪ ಹೋದಾಗಲೂ ನೀನು ಮಸಣದಿಂದಲೇ ತಿರುಗಿ ಹೋದೆ, ಈ ಹೊಸ್ತಿಲು ತುಳಿಯಲಿಲ್ಲ. ಅದಕ್ಕೆ ನಾನು ಎಂದೂ ನಿನ್ನನ್ನು ಬೈದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಇವತ್ತು ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋದಾಗ ಅವಳ ಮೇಜಿನ ಡ್ರಾಯರ್ ತೆಗೆದೆ. ನಾಚಿಕೆಯೇನಿಲ್ಲ, ನನ್ನ ಕಸುಬೇ ಅದು. ಹಾಳೆಯೊಂದರ ಕೆಳಗೆ ಆಸ್ಪತ್ರೆಯ ಲಕೋಟೆ ಇತ್ತು, ಮೇಲೆ ಅಮ್ಮನ ಹೆಸರು, ಹದಿನಾರು ದಿನದ ಹಿಂದಿನ ತಾರೀಖು. ಅಂಟು ಬಿಚ್ಚಿರಲಿಲ್ಲ. ಮೂಲೆಗಳು ಮಾತ್ರ ಸವೆದಿದ್ದವು, ದಿನಾ ಕೈಗೆತ್ತಿಕೊಂಡು ಮತ್ತೆ ಇಟ್ಟ ಹಾಗೆ. ಊರಿನವರ ಮುಂದಿನ ಹತ್ತು ವರ್ಷವನ್ನು ಉಗುರಿನಲ್ಲಿ ಬಿಡಿಸಿ ತೋರಿಸುವ ಹೆಂಗಸು ತನ್ನ ಹೆಸರಿನ ಒಂದು ಲಕೋಟೆ ಒಡೆಯಲು ಹೆದರಿದ್ದಾಳೆ! ನನಗೆ ನಗು ಬಂತು, ಮರುಕ್ಷಣ ಲಕೋಟೆ ಹಿಡಿದುಕೊಂಡೇ ಬೆಂಚಿನ ಮೇಲೆ ಕೂತೆ. ಅವಳು ತಲೆ ಒರೆಸಿಕೊಳ್ಳುತ್ತಾ ಬಂದು ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು. ಜಗಳ ತೆಗೆಯಲಿಲ್ಲ. ನಿನಗೇ ನೀನು ಎಲೆ ಹಾಕಿ ನೋಡಿಕೊಳ್ಳಬಾರದಿತ್ತೆ ಎಂದು ನಾನೇ ಚುಚ್ಚಿದೆ. ಆಗ ಅವಳು ಅಂದ ಮಾತು ಇನ್ನೂ ನನ್ನ ಎದೆಯಲ್ಲೇ ಕೂತಿದೆ: “ನಿಮ್ಮಪ್ಪ ಇದ್ದಾಗ ನಾನು ಏನು ಹೇಳಿದ್ರೂ ನಿಜ ಆಗ್ತಿತ್ತು. ಈಗ ಒಳ್ಳೇದು ಹೇಳ್ಕೊಂಡ್ರೆ ಅದನ್ನ ನಿಜ ಮಾಡೋರು ಯಾರಿದಾರೆ?” ಅವಳಿಗೆ ಎಲ್ಲ ಗೊತ್ತಿತ್ತು ಅಣ್ಣಾ. ಬೆಕ್ಕು, ಪತ್ರ, ಪರದೆಯ ಹಿಂದಿನ ಕಾಲುಗಳು, ಎಲ್ಲ. ಅಪ್ಪನಿಗೆ ಬೇಜಾರಾಗಬಾರದು ಎಂದು ಅವಳೂ ಬಾಯಿ ಬಿಟ್ಟಿರಲಿಲ್ಲ. ಇಷ್ಟು ವರ್ಷ ಅನುಮಾನಪಟ್ಟು ಪಟ್ಟು ನಾನು ಅನುಮಾನಪಡದೇ ಬಿಟ್ಟದ್ದು ಇದೊಂದನ್ನೇ.

ಸಂಜೆ ಕಾಫಿ ಆದ ಮೇಲೆ ಲಕೋಟೆ ಒಡೆಯೋಣ ಎಂದು ಒಪ್ಪಿಸಿದ್ದೇನೆ. ಅಲ್ಲಿಯವರೆಗೆ ಸುಮ್ಮನೆ ಕೂರಲಾರದೆ ಇಷ್ಟು ಬರೆದೆ. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು, ಮಕ್ಕಳ ಕೆನ್ನೆ ಹಿಂಡು, ಸೊಂಟಕ್ಕೆ ಬಿಸಿ ಶಾಖ ಕೊಟ್ಟುಕೋ.

ನಿನ್ನ ತಂಗಿ,
ನೀನೇ ಹೆಸರಿಟ್ಟ
ಗುಮಾನಿ

ತಾ.ಕ.: ಒಡೆದೆ. ಹೊಟ್ಟೆಯಲ್ಲಿ ಗಡ್ಡೆ, ಕೆಟ್ಟ ಜಾತಿಯದೇ. ಆದರೆ ಇನ್ನೂ ಚಿಕ್ಕದು, ಬೇಗ ತೆಗೆದರೆ ಉಳಿಯುತ್ತಾಳೆ ಎಂದು ಡಾಕ್ಟರ್ ಫೋನಿನಲ್ಲಿ ಹೇಳಿದರು. ಬರುವ ಬುಧವಾರ ಬೆಳಿಗ್ಗೆ ಆಪರೇಷನ್. ಅಮ್ಮ ಒಲ್ಲೆ ಒಲ್ಲೆ ಎಂದು ಒಂದು ಗಂಟೆ ಹಟ ಹಿಡಿದು, ಆಮೇಲೆ ತಾನೇ ಎಲೆ ತರಿಸಿಕೊಂಡು ಮೊದಲ ಸಲ ತನಗೆಂದು ಹಾಸಿದಳು. “ಎಚ್ಚರ ಆದಾಗ ಮಗಳು ಬಲಗಡೆ ನಿಂತಿರ್ತಾಳೆ, ಮಗ ಎಡಗಡೆ ನಿಂತು ನರ್ಸ್ ಹತ್ರ ಜಗಳ ಆಡ್ತಿರ್ತಾನೆ. ಹಾಗಿದ್ರೆ ಆಗ್ಲಿ, ಮಾಡಿಸ್ಕೋತೀನಿ” ಎಂದಳು. ನಾನು ಬಗ್ಗಿ ನೋಡಿದೆ. ಆಟೀನಿನ ಎರಡು, ಇಸ್ಪೀಟಿನ ಏಳು, ಇನ್ನೇನೋ ಚಿಲ್ಲರೆ. ಮಗನೂ ಇರಲಿಲ್ಲ, ಮಗಳೂ ಇರಲಿಲ್ಲ. ಬಲಗಡೆ ನಾನು ನಿಲ್ಲುತ್ತೇನೆ ಅಣ್ಣಾ. ಎಡಗಡೆಯದನ್ನು ನಿಜ ಮಾಡುವುದು ನನ್ನ ಕೈಯಲ್ಲಿಲ್ಲ.